ಹದ ಕೆಡಿಸಬೇಡ

ಕಂಪ್ಯೂಟರ್ ಜೋಡಿಸುವ ಆ ಮನುಷ್ಯನಿಗೆ ಅಂಗಡಿಯಲ್ಲಿ ಗಡಿಯಾರ ಎಂದು ಅಡ್ಡಹೆಸರು. ಹೊತ್ತಿಗೆ ಸರಿಯಾಗಿ ಬರುತ್ತಾನೆಂದು ಇಟ್ಟದ್ದಲ್ಲ. ಅವನು ಹೊತ್ತಿಗೆ ಸರಿಯಾಗಿ ಬಂದ ಒಂದು ದಿನ ಮಾಲೀಕ ಬಾಗಿಲಿಗೆ ಹೋಗಿ ಸೂರ್ಯ ಯಾವ ಕಡೆ ಹುಟ್ಟಿದ್ದಾನೆಂದು ನೋಡಿಬಂದಿದ್ದ. ಹೆಸರು ಬಂದದ್ದು ಬೇರೆ ದಾರಿಯಿಂದ. ಕಂಪ್ಯೂಟರಿನ ಪ್ರೊಸೆಸರ್ ಒಳಗೂ ಒಂದು ಗಡಿಯಾರ ಇರುತ್ತದೆ. ಅದು ಟಿಕ್ ಎಂದಾಗಲೆಲ್ಲ ಯಂತ್ರ ಒಂದು ಹೆಜ್ಜೆ ಲೆಕ್ಕ ಮಾಡುತ್ತದೆ. ಇಷ್ಟು ಓಡಿದರೆ ಸಾಕು ಎಂದು ಕಂಪನಿಯವರು ಗೆರೆ ಎಳೆದು ಕಳಿಸಿರುತ್ತಾರೆ. ಆ ಗೆರೆ ದಾಟಿಸಿ, ಕರೆಂಟು ಜಾಸ್ತಿ ಕುಡಿಸಿ, ಅದನ್ನು ಏದುಸಿರು ಬಿಡಿಸುತ್ತ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ಓಡಿಸಿದ ಮೇಲೆ ಅಳೆಯಬೇಕಲ್ಲ, ಅದಕ್ಕೊಂದು ಪರೀಕ್ಷೆಯ ಪ್ರೋಗ್ರಾಮು. ಯಂತ್ರವನ್ನು ಸ್ವಲ್ಪ ಹೊತ್ತು ಗಾಣಕ್ಕೆ ಕಟ್ಟಿ, ಹಿಂಡಿ, ಕೊನೆಗೆ ಒಂದು ಸಂಖ್ಯೆ ಉಗುಳುತ್ತದೆ. ಅದು ಸ್ಕೋರು.

ಆ ಸ್ಕೋರಿನಿಂದ ಏನು ಕೊಳ್ಳಬಹುದು ಎಂದು ಕೇಳಿದರೆ, ಏನೂ ಇಲ್ಲ. ಇನ್ನೊಬ್ಬನಿಗೆ ತೋರಿಸಬಹುದು. ತೋರಿಸುವುದಕ್ಕೆಂದೇ ಖರ್ಚಾಗುವ ಸರಕು ಪೇಟೆಯಲ್ಲಿ ಕಡಿಮೆಯೇನಿಲ್ಲ, ಗಡಿಯಾರನ ಸರಕು ಇದು.

ಈ ಕಸುಬಿಗೆ ಒಂದು ನೀತಿ ಇದೆ, ಗಡಿಯಾರ ಅದನ್ನು ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಯಂತ್ರ ವರ್ಷಗಟ್ಟಲೆ ಬಾಳಬೇಕಾಗಿಲ್ಲ. ಪರೀಕ್ಷೆ ಮುಗಿದು, ಸ್ಕೋರು ತೆರೆಯ ಮೇಲೆ ಬಂದು, ಅದರದೊಂದು ಚಿತ್ರ ತೆಗೆದುಕೊಳ್ಳುವಷ್ಟು ಹೊತ್ತು ಜೀವ ಇದ್ದರೆ ಆಯಿತು. ಆಮೇಲೆ ನಿಂತರೂ ಸರಿ, ಸುಟ್ಟರೂ ಸರಿ.

"ಫೋಟೋ ಬರೋವರೆಗೆ ಬದುಕಿದ್ರೆ ಸಾಕು," ಎನ್ನುತ್ತಿದ್ದ.

ಮಾಲೀಕನಿಗೆ ಈ ಹುಚ್ಚು ಗೊತ್ತಿತ್ತು, ಅದಕ್ಕಾಗಿ ಗಡಿಯಾರ ಅಂಗಡಿಯಲ್ಲಿ ಮಾಡಿಕೊಳ್ಳುವ ಲಾಭವೂ ಗೊತ್ತಿತ್ತು. ಒಂದೇ ಪೆಟ್ಟಿಗೆಯಲ್ಲಿ ಬಂದ, ಒಂದೇ ಬೆಲೆಯ ಪ್ರೊಸೆಸರುಗಳೆಲ್ಲ ಒಂದೇ ಥರ ಇರುವುದಿಲ್ಲ. ಒಂದು ಹುಟ್ಟಾ ಓಟಗಾರ, ಒಂದು ಹುಟ್ಟಾ ಸೋಮಾರಿ, ಒಡಹುಟ್ಟಿದವರ ಹಾಗೆ. ಹೊಸ ಮಾಲು ಬಂದಾಗ ಗಡಿಯಾರ ಒಂದೊಂದನ್ನೇ ಬಿಚ್ಚಿ, ಓಡಿಸಿ ನೋಡಿ, ಮೇಲಾದದ್ದನ್ನು ತನಗೆಂದು ಎತ್ತಿಟ್ಟುಕೊಂಡು, ಉಳಿದವನ್ನು ಮೊದಲಿನಂತೆ ಅಂಟಿಸಿ ಕಪಾಟಿಗೆ ಸೇರಿಸುತ್ತಿದ್ದ. ಮಾಲೀಕ ನೋಡಿಯೂ ನೋಡದವನ ಹಾಗೆ, "ಒಳ್ಳೆ ಚಿಪ್ ನಿನಗೆ, ಗಿರಾಕಿ ಕೈಗೆ ಚಿಪ್ಪು," ಎಂದು ನಗುತ್ತಿದ್ದ.

ಇಷ್ಟು ಜಾಣತನ ಮಾಡಿಯೂ ಗಡಿಯಾರನಿಗೆ ಊರಿನ ಪಟ್ಟಿಯಲ್ಲಿ ಮೊದಲ ಸ್ಥಾನ ದಕ್ಕಿರಲಿಲ್ಲ. ಅಂತರ್ಜಾಲದಲ್ಲಿ ಈ ಸ್ಕೋರುಗಳನ್ನು ಊರೂರು ಲೆಕ್ಕದಲ್ಲಿ ಹಾಕುವ ಒಂದು ತಾಣ ಉಂಟು. ಅಲ್ಲಿ ಅವನ ಮೇಲೆ ಒಬ್ಬನೇ ಇದ್ದ. ಆ ಒಬ್ಬ ಪರ ಊರಿನವನೋ ಪರದೇಶದವನೋ ಆಗಿದ್ದರೆ ಗಡಿಯಾರ ಸುಖವಾಗಿ ನಿದ್ದೆ ಮಾಡುತ್ತಿದ್ದ. ಆದರೆ ಅವನು ಷಡ್ಡಕ. ಹೆಂಡತಿಯ ಅಕ್ಕನ ಗಂಡ.

ಷಡ್ಡಕನದು ನೆಲದ ಟೈಲ್ಸ್ ಮಾರುವ ದೊಡ್ಡ ಮಳಿಗೆ. ಕಂಪ್ಯೂಟರು ಅವನಿಗೆ ಬೇಕಾದದ್ದು ಬಿಲ್ ಹೊಡೆಯುವುದಕ್ಕೆ ಮಾತ್ರ. ಹಿಂದೊಮ್ಮೆ ಊಟಕ್ಕೆ ಕೂತಾಗ ಗಡಿಯಾರ ಸ್ಕೋರಿನ ಪುರಾಣ ಬಿಚ್ಚಿದ್ದೇ ತಪ್ಪಾಯಿತು. "ಇದೇನು ಮಹಾ, ಕಾಸು ಸುರಿದ್ರೆ ಯಾರು ಬೇಕಾದ್ರೂ ಓಡಿಸ್ತಾರೆ," ಎಂದು ಷಡ್ಡಕ ಮರುದಿನವೇ ಅಂಗಡಿಗೆ ಬಂದು, ಇದ್ದುದರಲ್ಲಿ ದುಬಾರಿಯದನ್ನೆಲ್ಲ ಆರಿಸಿ, "ನೀನೇ ಜೋಡಿಸಿಕೊಡಪ್ಪ, ನೀನು ಮನೆಯವನು," ಎಂದ. ಗಡಿಯಾರ ಮನೆಯವನಾಗಿ, ಕಪಾಟಿನಲ್ಲಿದ್ದ ಪ್ರೊಸೆಸರುಗಳಲ್ಲಿ ಎಲ್ಲಕ್ಕಿಂತ ಸೋಮಾರಿಯಾದದ್ದನ್ನು ಹುಡುಕಿ ಅದರಲ್ಲಿ ಕೂರಿಸಿದ. ಆದರೂ ಷಡ್ಡಕ ನೀರಿನಿಂದ ತಣ್ಣಗಿಡುವ ದೊಡ್ಡ ವ್ಯವಸ್ಥೆ ತರಿಸಿ, ಯಾರಿಗೋ ಸಂಬಳ ಕೊಟ್ಟು ಹದ ಮಾಡಿಸಿ, ಪಟ್ಟಿಯಲ್ಲಿ ಮೇಲೆ ಹೋಗಿಬಿಟ್ಟ. ಕುಂಟ ಕುದುರೆ ಕೊಟ್ಟರೂ ಸವಾರ ಮುಂದೆ ಹೋದರೆ ಮಾರಿದವನ ಹೊಟ್ಟೆ ಎಷ್ಟು ಉರಿಯಬೇಡ!

ಗಡಿಯಾರನ ಮನೆ ಬೀಗ ರಿಪೇರಿಯವನ ಅಂಗಡಿಯ ಮೇಲಿನ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಕಿಟಕಿಗೆ ತಾಗಿದ ಮೇಜು. ಅದರ ಮೇಲೆ ಪಕ್ಕದ ಹಲಗೆ ಬಿಚ್ಚಿಟ್ಟ ಯಂತ್ರ, ಕರುಳು ಹೊರಗೆ ಬಿದ್ದ ಹಾಗೆ ವೈರುಗಳು. ಅದೇ ಯಂತ್ರದಲ್ಲಿ ಹಗಲು ಹೆಂಡತಿಯ ದುಡಿಮೆ. ಫೋಟೋ ಸ್ಟುಡಿಯೋ ಒಂದಕ್ಕೆ ಆಲ್ಬಂ ಮಾಡಿಕೊಡುತ್ತಿದ್ದಳು. ಸ್ಟುಡಿಯೋದಾತ ಕ್ಯಾಮೆರಾದ ಕಾರ್ಡ್ ಕೊಡುತ್ತಿದ್ದ. ಅವಳು ಚಿತ್ರಗಳನ್ನು ಯಂತ್ರಕ್ಕೆ ಇಳಿಸಿ, ಒಂದೊಂದನ್ನೂ ತೆರೆದು ನೋಡಿ, ಕಾರ್ಡ್ ಒರೆಸಿ ಖಾಲಿ ಮಾಡಿ ವಾಪಸು ಕೊಡುವಳು. ಆಮೇಲೆ ಕಪ್ಪಗಿದ್ದವರನ್ನು ಬೆಳ್ಳಗೆ, ಮುಖ ಗಂಟಿಕ್ಕಿದವರನ್ನು ನಗುವ ಹಾಗೆ ಮಾಡುವಳು. ಮದುವೆಯಲ್ಲಿ ಕಣ್ಣು ಮುಚ್ಚಿದ್ದ ಒಬ್ಬ ಮಾವನಿಗೆ ಅವನ ತಮ್ಮನ ಕಣ್ಣು ತಂದು ಕೂರಿಸಿದ್ದಳು. ಮಾವ ನೋಡಿ, ಇಷ್ಟು ಚೆನ್ನಾಗಿ ತಾನು ಯಾವತ್ತೂ ಬಂದಿರಲಿಲ್ಲ ಎಂದಿದ್ದ.

ಆ ಮನೆಯ ಬಾಡಿಗೆ ಯಾರ ದುಡಿಮೆಯಿಂದ ಹೋಗುತ್ತಿತ್ತು ಎಂದು ಬೀಗದವನನ್ನು ಕೇಳಿದರೆ ಅವನು ಮೇಲೆ ನೋಡಿ ನಗುತ್ತಿದ್ದ.

ಗಡಿಯಾರನ ಸ್ಕೋರನ್ನು ಮನಸಾರೆ ಕೇಳುತ್ತಿದ್ದ ಜೀವ ಇಡೀ ಬಳಗದಲ್ಲಿ ಒಂದೇ ಇತ್ತು. ಅದು ಅವನ ಅತ್ತೆ. ಅವಳಿಗೆ ಅದೇನು ತಿಳಿಯುತ್ತಿತ್ತೋ ಇಲ್ಲವೋ, "ಅಳಿಯಂದ್ರೇ, ಪೆಟ್ಟಿಗೆ ಇವತ್ತು ಎಷ್ಟು ಓಡ್ತು?" ಎಂದು ಕೇಳದೆ ಫೋನ್ ಇಡುತ್ತಿರಲಿಲ್ಲ. ಸಂಖ್ಯೆ ಕೇಳಿ, "ಓಡ್ಲಿ ಓಡ್ಲಿ. ನಿಮ್ಮ ಮಾವ ಒಂದಿನಾನೂ ಓಡ್ಲಿಲ್ಲ," ಎನ್ನುವಳು. ಈಗ ಕಾಯಿಲೆ ಮೈಗೆಲ್ಲ ಹಬ್ಬಿ, ವೈದ್ಯರು ಕೈ ತೊಳೆದುಕೊಂಡ ಮೇಲೆ, ದೊಡ್ಡ ಮಗಳ ಮನೆಯಲ್ಲಿ, ಅಂದರೆ ಷಡ್ಡಕನ ಮನೆಯಲ್ಲಿ ಮಲಗಿದ್ದಳು. ಒಂದೇ ಆಸೆ ಹೇಳಿಕೊಂಡಿದ್ದಳು: ಎಲ್ಲರ ಜೊತೆ ಕೂತು ಒಂದು ಒಳ್ಳೆ ಫೋಟೋ. ಅವಳದು ಅಂತ ನೆಟ್ಟಗಿನ ಚಿತ್ರ ಒಂದೂ ಇರಲಿಲ್ಲ. ಗಂಡ ಸತ್ತ ಮೇಲೆ ಯಾರು ಕ್ಯಾಮೆರಾ ಹಿಡಿದರೂ, "ನನ್ನ ಮೂತಿ ಏನು ತೆಗೀತೀಯ, ಮಕ್ಕಳದ್ದು ತೆಗಿ," ಎಂದು ಸೆರಗು ಅಡ್ಡ ಹಿಡಿದುಕೊಂಡೇ ಬದುಕಿದವಳು.

ಭಾನುವಾರ ಎಲ್ಲರೂ ಷಡ್ಡಕನ ಮನೆಯಲ್ಲಿ ಸೇರಿದರು. ಸ್ಟುಡಿಯೋದಾತ ದೊಡ್ಡ ಕ್ಯಾಮೆರಾ ತಂದ. ಮುದುಕಿಯ ತಲೆ ಬಾಚಿ, ಬೆನ್ನಿಗೆ ದಿಂಬು ಕೊಟ್ಟು, ಕುರ್ಚಿಯಲ್ಲಿ ಕೂರಿಸಿದರು. ಎರಡೂ ಕಡೆ ಹೆಣ್ಣುಮಕ್ಕಳು, ಹಿಂದೆ ಅಳಿಯಂದಿರು.

"ಬೇಗ ತೆಗಿಯಪ್ಪ," ಎಂದಳು ಮುದುಕಿ. "ನಂದು ಬ್ಯಾಟರಿ ಕಮ್ಮಿ ಇದೆ."

ಎಲ್ಲರೂ ನಕ್ಕರು. ದೊಡ್ಡ ಮಗಳು ನಗುತ್ತಲೇ ಕಣ್ಣೊರೆಸಿಕೊಂಡಳು. ಮುದುಕಿ ಈ ಸಲ ಸೆರಗು ಅಡ್ಡ ಹಿಡಿಯದೆ, ಕ್ಯಾಮೆರಾವನ್ನೇ ದಿಟ್ಟಿಸಿ ಕೂತಳು. ಒಬ್ಬಳದೇ ಒಂದಷ್ಟು, ಮಕ್ಕಳ ಜೊತೆ ಒಂದಷ್ಟು, ಅಳಿಯಂದಿರ ಕೈ ಹಿಡಿದು ಒಂದಷ್ಟು ಚಿತ್ರಗಳಾದವು.

ಊಟಕ್ಕೆ ಕೂತಾಗ ಷಡ್ಡಕ ಫೋನ್ ತೆಗೆದ. "ನೋಡಿ ಅತ್ತೆ, ನನ್ನ ಪೆಟ್ಟಿಗೆ ನಲವತ್ತು ಸಾವಿರ ದಾಟ್ತು. ನಲವತ್ತು ಸಾವಿರದ ಮುನ್ನೂರ ಹತ್ತು."

"ಚಿಕ್ಕ ಅಳಿಯಂದ್ರದ್ದು?"

ಗಡಿಯಾರ ತುತ್ತು ನುಂಗಿದ. "ಮೂವತ್ತೊಂಬತ್ತು ಸಾವಿರದ ಎಂಟುನೂರ ಎಪ್ಪತ್ತು."

ಮುದುಕಿ ಸಾವಿರವನ್ನಷ್ಟೇ ಲೆಕ್ಕಕ್ಕೆ ಹಿಡಿದು, "ಅಯ್ಯೋ ಪಾಪ, ಒಂದು ಕಮ್ಮಿ ಆಯ್ತಲ್ಲ," ಎಂದಳು. ನಿಜವಾಗಿಯೂ ಮರುಗಿ ಹೇಳಿದ ಮಾತು. ಷಡ್ಡಕ ಅದನ್ನು ಎತ್ತಿಕೊಂಡು, "ಒಂದೇ ಒಂದು ಕಮ್ಮಿ ಅತ್ತೆ, ಚಿಂತೆ ಮಾಡ್ಬೇಡಿ, ಮುಂದಿನ ಜನ್ಮದಲ್ಲಿ ಸರಿಹೋಗುತ್ತೆ," ಎಂದ. ಬಡಿಸುತ್ತಿದ್ದ ಅಕ್ಕ ಕೂಡ ಸೌಟು ಹಿಡಿದೇ ನಕ್ಕಳು. ಗಡಿಯಾರನಿಗೆ ಆಮೇಲೆ ಬಡಿಸಿದ್ದೇನೆಂದು ತಿಳಿಯಲಿಲ್ಲ.

ಪ್ರೊಸೆಸರನ್ನು ಇನ್ನು ಹಿಂಡಲು ಸಾಧ್ಯವಿರಲಿಲ್ಲ, ಅದರ ರಸವೆಲ್ಲ ಮುಗಿದಿತ್ತು. ಉಳಿದದ್ದು ಮೆಮೊರಿ. ಲೆಕ್ಕ ಮಾಡುವ ಪ್ರೊಸೆಸರಿಗೆ ಸಾಮಾನು ಎತ್ತಿಕೊಡುವ ಆಳು ಅದು. ಆಳಿನ ಕೈ ಚುರುಕಾದರೆ ಯಜಮಾನನೂ ಇನ್ನೊಂದಿಷ್ಟು ಓಡುತ್ತಾನೆ. ಮೆಮೊರಿಯ ವಿಚಾರದಲ್ಲಿ ಒಂದು ಸಂಗತಿ ಇದೆ, ಈ ಕಸುಬಿನವರಿಗೆಲ್ಲ ಅದು ಗೊತ್ತು. ಯಂತ್ರ ಪ್ರತಿ ಸಲ ಆನ್ ಆಗುವಾಗ ಮೆಮೊರಿಯ ಜೊತೆ ತನ್ನ ತಾಳ ಹೊಂದಿಸಿಕೊಳ್ಳುತ್ತದೆ. ಮಿತಿಮೀರಿ ಓಡಿಸುವಾಗ ಈ ತಾಳ ಹತ್ತು ಸಲಕ್ಕೆ ಒಂಬತ್ತು ಸಲ ಕೆಟ್ಟದಾಗಿ ಕೂರುತ್ತದೆ. ಯಂತ್ರ ಏಳುವುದೇ ಇಲ್ಲ. ಒಂದು ಸಲ ಮಾತ್ರ ಚೆನ್ನಾಗಿ ಕೂರುತ್ತದೆ. ಗಡಿಯಾರ ಅದನ್ನು ಹದ ಎನ್ನುತ್ತಿದ್ದ. ಹದ ಸಿಕ್ಕಿದ ಯಂತ್ರವನ್ನು ಆಫ್ ಮಾಡಿದರೆ ಮುಗಿಯಿತು, ಮತ್ತೆ ಹೊತ್ತಿಸಿದಾಗ ಆ ಹದ ಬರುತ್ತದೆಂದು ಹೇಳುವವರಿಲ್ಲ.

ಸೋಮವಾರ ಬೆಳಿಗ್ಗೆ ಅವನಿಗೆ ಹದ ಸಿಕ್ಕಿತು. ಅಂಗಡಿಗೆ ಹೊಟ್ಟೆನೋವೆಂದು ಹೇಳಿ, ಯಂತ್ರದ ಮುಂದೆ ಕೂತು ತಾಪ ನೋಡುತ್ತಿದ್ದ. ಬಿಸಿಲಿಗೆ ಕೋಣೆ ಕಾದಿತ್ತು. ಪರೀಕ್ಷೆಗೆ ಸಂಜೆಯ ತಂಪು ಬೇಕು, ಐಸ್ ಬೇಕು. ಅಲ್ಲಿಯವರೆಗೆ ಯಂತ್ರ ಹೀಗೇ ಉಸಿರು ಹಿಡಿದುಕೊಂಡಿರಬೇಕು.

ಅಷ್ಟರಲ್ಲಿ ಹೆಂಡತಿ ಸ್ಟುಡಿಯೋದಿಂದ ಕಾರ್ಡ್ ತಂದಳು. ಹಿಂದಿನ ದಿನ ಅವಳ ಅಮ್ಮನನ್ನು ತೆಗೆದ ಚಿತ್ರಗಳು.

"ಮಧ್ಯಾಹ್ನ ಇನ್ನೊಂದು ಕಡೆ ಫಂಕ್ಷನ್ ಇದೆಯಂತೆ, ಕಾರ್ಡ್ ವಾಪಸ್ ಬೇಕಂತೆ. ನಿಂದು ಯಾವ್ದೋ ಓಡ್ತಿದೆಯಲ್ಲ, ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಾ? ಮಾಮೂಲಿಗೆ ತಂದ್ಕೊಂಡು ಕಾಪಿ ಮಾಡ್ತೀನಿ."

"ಮುಟ್ಬೇಡ!" ಗಡಿಯಾರ ಕುರ್ಚಿಯಿಂದ ಅರ್ಧ ಎದ್ದ. "ಹದ ಸಿಕ್ಕಿದೆ ಕಣೇ. ಹದ ಕೆಡಿಸಬೇಡ. ಹೀಗೇ ಕಾಪಿ ಮಾಡ್ಕೋ."

"ಏನೂ ಆಗಲ್ವಾ?"

"ಕಾಪಿ ಮಾಡೋಕೆ ಏನು ಬೇಕು? ಕತ್ತೆ ಮೂಟೆ ಹೊತ್ತ ಹಾಗೆ. ಈ ಕಡೆ ಇದ್ದದ್ದು ಆ ಕಡೆ."

ಅವಳು ಕಾರ್ಡ್ ಸಿಕ್ಕಿಸಿದಳು. ನೀಲಿ ಪಟ್ಟಿ ತೆವಳಿತು. ನಡುವೆ ಮೂಲೆಯಲ್ಲಿ ಒಂದು ಸಣ್ಣ ಕಿಟಕಿ ತೆರೆದುಕೊಂಡಿತು. ಮೆಮೊರಿ ತಪ್ಪು ಮಾಡಿದರೆ ಕೂಗಲೆಂದು ಗಡಿಯಾರನೇ ಕೂರಿಸಿದ್ದ ಕಾವಲುಗಾರ ಅದು. ತಪ್ಪು ಒಂದು ಎಂದಿತು. ಅವನು ಕೈ ಚಾಚಿ ಅದನ್ನು ಮುಚ್ಚಿದ. ಒಂದೇ ತಾನೇ! ಇನ್ನೊಂದು ಸಲ ಕೂಗಿತು, ಕಾವಲುಗಾರನನ್ನೇ ಕೆಲಸದಿಂದ ತೆಗೆದ.

"ಏನದು?"

"ಏನಿಲ್ಲ."

ಕಾಪಿ ಮುಗಿದ ಮೇಲೆ ಅವಳು ಮೊದಲ ಎರಡು ಚಿತ್ರ ತೆರೆದಳು. ಚೆನ್ನಾಗಿದ್ದವು. ಅಮ್ಮನ ಬಾಚಿದ ತಲೆ, ದಿಂಬಿನ ಅಂಚು. ಮೂರನೆಯದಕ್ಕೆ ಕೈ ಹೋಗುವಷ್ಟರಲ್ಲಿ ಗಡಿಯಾರ ಗೊಣಗಿದ: "ಒಂದೊಂದೇ ತೆಗೆದು ನೋಡ್ತಾ ಕೂತ್ರೆ ಬಿಸಿ ಏರುತ್ತೆ. ನಿಮ್ಮಮ್ಮನ್ನ ನಿನ್ನೆ ತಾನೇ ನೋಡಿದ್ಯಲ್ಲ. ಎದ್ದೇಳು."

ಅವಳು ಎದ್ದಳು. ಯಾವತ್ತೂ ಎಲ್ಲ ಚಿತ್ರ ನೋಡದೆ ಕಾರ್ಡ್ ಒರೆಸಿದವಳಲ್ಲ. ಆ ದಿನ ಒರೆಸಿದಳು. ಸ್ಟುಡಿಯೋದಾತ ಕೆಳಗೆ ಹಾರ್ನ್ ಹೊಡೆಯುತ್ತಿದ್ದ.

ಸಂಜೆ ಬಕೆಟ್ ತುಂಬ ಐಸ್ ಬಂತು. ಕಿಟಕಿ ತೆರೆದು, ಫ್ಯಾನನ್ನು ಯಂತ್ರದ ಕಡೆ ತಿರುಗಿಸಿ, ಪರೀಕ್ಷೆ ಬಿಟ್ಟ. ಎರಡು ಸಲ ಮೂವತ್ತೊಂಬತ್ತಕ್ಕೇ ನಿಂತಿತು. ಮೂರನೆಯ ಸಲಕ್ಕೆ ನಲವತ್ತು ಸಾವಿರದ ಐನೂರ ಇಪ್ಪತ್ತೆರಡು.

"ಬಾರೇ, ಬೇಗ ಬಾ, ಫೋಟೋ ತೆಗಿ! ಸತ್ತುಹೋಗುತ್ತೆ!"

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿಬಂದು ಫೋನಿನಲ್ಲಿ ತೆಗೆದಳು. ತೆರೆಯ ಮೇಲೆ ಸಂಖ್ಯೆ, ಪಕ್ಕದಲ್ಲಿ ಹೆಬ್ಬೆರಳು ಎತ್ತಿ ಹಲ್ಲುಬಿಟ್ಟ ಗಂಡ. ಅವಳು ಫೋನ್ ಇಳಿಸುವಷ್ಟರಲ್ಲಿ ತೆರೆ ಕಪ್ಪಾಯಿತು. ಗಡಿಯಾರ ಚಪ್ಪಾಳೆ ತಟ್ಟಿದ. "ನೋಡಿದ್ಯಾ? ಫೋಟೋ ಬರೋವರೆಗೆ ಬದುಕ್ತು!"

ಪಟ್ಟಿಗೆ ಸ್ಕೋರು ಸೇರಿಸಿ, ಮೊದಲು ಅತ್ತೆಗೆ ಫೋನ್ ಮಾಡಿದ. ಮುದುಕಿಗೆ ಮಾತು ಕಷ್ಟವಾಗಿತ್ತು. "ಈಗ ಜಾಸ್ತಿ ಆಯ್ತಾ?" ಎಂದಳು. ಆಯ್ತು ಎಂದ. "ಒಳ್ಳೇದಾಯ್ತು," ಎಂದಳು. ಅದು ಅವಳು ಅವನ ಜೊತೆ ಆಡಿದ ಕೊನೆಯ ಮಾತು. ಆ ವಾರ ಕಳೆಯುವಷ್ಟರಲ್ಲಿ ತೀರಿಕೊಂಡಳು.

ಗೋಡೆಗೆ ಹಾಕಲು ಚಿತ್ರ ಬೇಕೆಂದು ಅಕ್ಕ ಕೇಳಿದಾಗ ಹೆಂಡತಿ ಯಂತ್ರದ ಮುಂದೆ ಕೂತಳು. ಮೊದಲ ಎರಡರಲ್ಲಿ ಅಮ್ಮ ಮುಖ ತಿರುಗಿಸಿ ಬೇರೆ ಕಡೆ ನೋಡುತ್ತಿದ್ದಳು, ಕ್ಯಾಮೆರಾದವನು ಬೆಳಕು ಅಳೆಯಲು ತೆಗೆದ ಚಿತ್ರಗಳು ಅವು. ಮೂರನೆಯದು ತೆರೆದಳು. ಹಣೆ ಇತ್ತು, ಕಣ್ಣಿತ್ತು, ಮೂಗಿನ ಕೆಳಗೆ ಒಂದು ಗುಲಾಬಿ ಪಟ್ಟೆ, ಅದರ ಕೆಳಗೆ ಬರೀ ಬೂದುಬಣ್ಣ. ನಾಲ್ಕನೆಯದು ಹಣೆಯಿಂದಲೇ ಬೂದಿ. ಇನ್ನೊಂದು ತೆರೆಯಲೇ ಇಲ್ಲ. ಮಕ್ಕಳ ಜೊತೆ ಕೂತದ್ದರಲ್ಲಿ ಪಕ್ಕದಲ್ಲಿ ನಿಂತ ಮಕ್ಕಳ ಮುಖ ನೆಟ್ಟಗಿತ್ತು, ನಡುವೆ ತಗ್ಗಿನಲ್ಲಿ ಕೂತ ಅಮ್ಮ ಹುಬ್ಬಿನವರೆಗೆ ಮಾತ್ರ. ಅವಳು ಕೊನೆಯವರೆಗೂ ತೆರೆದಳು. ನೆಟ್ಟಗಿದ್ದ ಒಂದು ಚಿತ್ರದಲ್ಲಿ ಮುದುಕಿ ಸೀನುತ್ತಿದ್ದಳು.

ಮುದುಕಿ ಫೋಟೋ ಬರೋವರೆಗೆ ಬದುಕಿದ್ದಳು. ಫೋಟೋ ಬದುಕಿರಲಿಲ್ಲ.

ಹೆಂಡತಿಯ ಕೂಗಿಗೆ ಗಡಿಯಾರ ಬಂದು ಹಿಂದೆ ನಿಂತು ನೋಡಿದ. ನೋಡಿದ ಕ್ಷಣಕ್ಕೇ ತಿಳಿಯಿತು. ಮೆಮೊರಿ ಎಡವಿದಾಗ ಚಿತ್ರ ಹೇಗೆ ಒಡೆಯುತ್ತದೆಂದು ಅವನು ಗಿರಾಕಿಗಳ ಯಂತ್ರದಲ್ಲಿ ಎಷ್ಟೋ ಸಲ ತೋರಿಸಿಕೊಟ್ಟಿದ್ದ. ಹೇಳಿದರೆ ಏನಾಗುತ್ತದೆಂದೂ ತಿಳಿಯಿತು. ಷಡ್ಡಕ ಪಟ್ಟಿಯವರಿಗೆ ಬರೆಯುತ್ತಾನೆ: ತಪ್ಪು ಲೆಕ್ಕ ಮಾಡುತ್ತಿದ್ದ ಯಂತ್ರದ ಸ್ಕೋರು, ತೆಗೆದುಹಾಕಿ. ಸತ್ತವಳು ಹೇಗೂ ಸತ್ತಳು. ಸ್ಕೋರು ಇನ್ನೂ ಬದುಕಿತ್ತು.

"ಕಾರ್ಡ್ ಕೆಟ್ಟಿರ್ಬೇಕು," ಎಂದ. ಆಮೇಲೆ ಮೆಲ್ಲಗೆ, "ಒರೆಸೋಕೆ ಮುಂಚೆ ನೀನು ನೋಡ್ಬೇಕಿತ್ತು."

ಮೊಸರು ತಿಂದ ಕೋತಿ ಮೇಕೆಯ ಮೂತಿಗೆ ಒರೆಸುವಾಗಲಾದರೂ ಒಂದು ಸಲ ಆಚೀಚೆ ನೋಡುತ್ತದೆ. ಇವನು ಅದನ್ನೂ ಮಾಡಲಿಲ್ಲ.

ಸ್ಟುಡಿಯೋದಾತ ಕಾರ್ಡ್ ಕೆಟ್ಟಿಲ್ಲ ಎಂದು ಸಾಧಿಸಿದ. ಅದೇ ಕಾರ್ಡಿನಲ್ಲಿ ಅದೇ ಮಧ್ಯಾಹ್ನ ತೆಗೆದದ್ದೆಲ್ಲ ನೆಟ್ಟಗಿತ್ತು. "ನಿನ್ನ ಕೈ ತಪ್ಪಮ್ಮ ಇದು. ಸ್ವಂತ ತಾಯಿದೇ ಹೀಗಾದ್ರೆ ಬೇರೆಯವರ ಮದುವೆ ಹೇಗೆ ನಿನ್ನ ಕೈಗೆ ಕೊಡ್ಲಿ?" ಎಂದು ಕೆಲಸ ನಿಲ್ಲಿಸಿದ. ಅಕ್ಕ ಫೋನ್ ಎತ್ತುವುದನ್ನೇ ಬಿಟ್ಟಳು. ಕೊನೆಗೊಮ್ಮೆ ಎತ್ತಿ, "ಊರವರ ಮಾವಂದಿರ ಕಣ್ಣೆಲ್ಲ ತಿದ್ತೀಯ. ಹೆತ್ತವಳ ಬಾಯಿ ಉಳಿಸ್ಕೊಳ್ಳೋಕೆ ಆಗ್ಲಿಲ್ಲ," ಎಂದು ಫೋನ್ ಇಟ್ಟಳು. ಗುರುತಿನ ಚೀಟಿಯಲ್ಲಿದ್ದ ಚಿತ್ರವನ್ನೇ ಹಿಗ್ಗಿಸಿ ಗೋಡೆಗೆ ಹಾಕಿದರು. ಅದರಲ್ಲಿ ಮುದುಕಿ ಪೊಲೀಸರು ಹಿಡಿದು ತಂದವಳ ಹಾಗಿದ್ದಳು.

ಹೆಂಡತಿ ಬೂದಿ ಚಿತ್ರಗಳನ್ನು ತೆರೆದು ಕೂರುವಳು, ಕಳೆದ ಅರ್ಧವನ್ನು ಎಲ್ಲಿಂದ ತರಲಿ ಎಂದು ಹುಡುಕುವಳು. ತನ್ನ ಬಾಯಿ ಅಮ್ಮನ ಬಾಯಿಯ ಹಾಗೇ ಇದೆಯೆಂದು ಕನ್ನಡಿಯಲ್ಲಿ ನೋಡಿ, ತನ್ನ ಫೋಟೋ ತೆಗೆದು ಕೂರಿಸಿದಳು. ಅಮ್ಮ ಬರಲಿಲ್ಲ, ಯಾರೋ ಚಿಕ್ಕಮ್ಮ ಬಂದಳು. ಅಳಿಸಿದಳು. ಗಡಿಯಾರ ಅವಳ ಹೆಗಲ ಮೇಲಿಂದ ಬಗ್ಗಿ, "ನೀನು ಆ ಕಡೆ ಸರಿದ್ರೆ ನಾನೊಂದು ಟೆಸ್ಟ್ ಹಾಕ್ತೀನಿ," ಎನ್ನುವನು. ಒಂದು ದಿನ ಅವಳು ತಾನೇ ಬಾಯಿಬಿಟ್ಟು, "ನಾನೇ ಕಣೋ ಅಮ್ಮನ್ನ ಒರೆಸಿಬಿಟ್ಟೆ," ಎಂದು ಅತ್ತಳು. ಅವನು ತಲೆ ಸವರಿ, "ಹೋಗ್ಲಿ ಬಿಡು, ಮನುಷ್ಯರು ತಪ್ಪು ಮಾಡ್ತಾರೆ," ಎಂದು ಕ್ಷಮಿಸಿದ.

ತಿಂಗಳು ಕಳೆದ ಮೇಲೆ ಬಳಗದವರು ಮತ್ತೆ ಷಡ್ಡಕನ ಮನೆಯಲ್ಲಿ ಸೇರಿದರು. ಸೋದರಮಾವ, ಚಿಕ್ಕಮ್ಮ, ಅವರ ಮಕ್ಕಳು. ಅಕ್ಕ ಎಲ್ಲರಿಗೂ ಕೇಳುವ ಹಾಗೆ ಚಿತ್ರಗಳ ಕಥೆ ಹೇಳಿದಳು. ಸೋದರಮಾವ ನೋಡಲು ಕೇಳಿದ್ದಕ್ಕೆ ಹೆಂಡತಿ ತಲೆ ತಗ್ಗಿಸಿ, ಆ ಚಿತ್ರಗಳಿದ್ದ ತನ್ನ ಫೋನ್ ಕೊಟ್ಟಳು. ಫೋನ್ ಕೈಯಿಂದ ಕೈಗೆ ಹೋಗಿ, ಲೊಚಗುಟ್ಟಿಸಿಕೊಂಡು, ಷಡ್ಡಕನ ಕೈಗೆ ಬಂತು.

ಷಡ್ಡಕ ಅರ್ಧ ಮುಖ ನೋಡಿದ. ಗುಲಾಬಿ ಪಟ್ಟೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ. ಅವನಿಗೆ ಯಂತ್ರ ಹದ ಮಾಡಿಕೊಟ್ಟ ಸಂಬಳದವನು ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದ: ಹೀಗೆ ಚಿತ್ರ ಒಡೆದರೆ ಮೆಮೊರಿಯ ವೇಗ ಇಳಿಸಿ ಸಾರ್. ಅವನು ತಲೆ ಎತ್ತಿ ಗಡಿಯಾರನನ್ನು ನೋಡಿದ. ಗಿರಾಕಿ ಖೋಟಾ ನೋಟು ಕೊಟ್ಟದ್ದು ತಿಳಿದ ಮೇಲೂ ವ್ಯಾಪಾರಿ ಮೊದಲು ನಗುತ್ತಾನೆ. ಹಾಗೆ ನಕ್ಕ.

"ಏನ್ ಷಡ್ಡಕ್ರೇ, ನಿಮ್ಮ ನಲವತ್ತೂವರೆ ಸಾವಿರದ ಬಗ್ಗೆ ಪಟ್ಟೀಲಿ ಜನ ಏನೇನೋ ಮಾತಾಡ್ತಿದಾರೆ."

ಗಡಿಯಾರನ ಕಿವಿ ನಿಮಿರಿತು. "ಏನಂತೆ?"

"ಸುಳ್ಳು ಸ್ಕೋರು ಅಂತ. ಆ ಮೆಮೊರಿ ಆ ವೇಗದಲ್ಲಿ ಐದು ನಿಮಿಷಾನೂ ನಿಲ್ಲಲ್ವಂತೆ. ಯಾವನದ್ದೋ ಚಿತ್ರ ತಿದ್ದಿ ಹಾಕಿದಾನೆ, ಹೆಂಡ್ತಿ ಹೇಗೂ ತಿದ್ದೋಳು ಅಂತ."

"ಐದು ನಿಮಿಷಾನಾ?" ಗಡಿಯಾರ ಲೋಟ ಕೆಳಗಿಟ್ಟ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಇಂಥವರನ್ನು ನೋಡಿಯೇ ಹೇಳಿರಬೇಕು. "ಬೆಳಿಗ್ಗೆಯಿಂದ ಸಂಜೆವರೆಗೂ ನಿಲ್ಸಿದೀನಿ! ಒಂದ್ಸಲಾನೂ ಆಫ್ ಮಾಡಿಲ್ಲ!"

"ಸುಮ್ನೆ ಇತ್ತೇನೋ. ಕೆಲಸ ಕೊಟ್ಟಿದ್ರೆ ಬಿದ್ದಿರೋದು."

"ಕೆಲಸಾನೂ ಮಾಡಿದೆ! ಬೇಕಾದ್ರೆ ನಿಮ್ಮ ನಾದಿನೀನೇ ಕೇಳಿ. ಅದೇ ಹದದಲ್ಲೇ ಅವಳು ಕಾರ್ಡ್ ಪೂರ್ತಿ ಕಾಪಿ ಮಾಡಿದ್ದು! ಆಫ್ ಮಾಡ್ತೀನಿ ಅಂದ್ಳು, ನಾನೇ ಬಿಡ್ಲಿಲ್ಲ. ಕಾವಲು ಪ್ರೋಗ್ರಾಮ್ ಎರಡು ಸಲ ಕೂಗ್ತು, ಅಷ್ಟೆ! ಯಂತ್ರ ಬಿತ್ತಾ? ಬೀಳ್ಲಿಲ್ಲ!"

ಹೇಳಿ ಮುಗಿಸಿ, ಗೆದ್ದವನ ಹಾಗೆ ಸುತ್ತ ನೋಡಿದ. ಯಾರ ಮುಖದಲ್ಲೂ ಚಪ್ಪಾಳೆ ಕಾಣಲಿಲ್ಲ. ಸೋದರಮಾವನಿಗೆ ಕಂಪ್ಯೂಟರಿನ ಗಂಧ ಇರಲಿಲ್ಲ. ಆದರೂ "ಬಿಡ್ಲಿಲ್ಲ" ಎಂಬ ಮಾತು ಅವನಿಗೂ ಅರ್ಥವಾಗಿತ್ತು. ಅಕ್ಕ ತಂಗಿಯ ಕಡೆ ತಿರುಗಿದಳು.

ಷಡ್ಡಕ ಎಲ್ಲರಿಗೂ ತಿಳಿಯುವ ಹಾಗೆ, ಗಿರಾಕಿಗೆ ಟೈಲ್ಸ್ ಬಿರುಕು ತೋರಿಸುವಷ್ಟು ನಿಧಾನವಾಗಿ, ಗುಲಾಬಿ ಪಟ್ಟೆ ತೋರಿಸಿ ವಿವರಿಸಿದ. ಕಾರ್ಡೂ ಕೆಟ್ಟಿರಲಿಲ್ಲ, ಕೈಯೂ ತಪ್ಪಿರಲಿಲ್ಲ.

ಹೆಂಡತಿ ಗಂಡನನ್ನೇ ನೋಡುತ್ತಿದ್ದಳು. "ಆಫ್ ಮಾಡ್ಲಾ ಅಂತ ಕೇಳಿದ್ದೆ," ಎಂದಳು.

ಷಡ್ಡಕ ಫೋನನ್ನು ಅವಳಿಗೆ ಮರಳಿಸಿ, ತನ್ನ ಫೋನ್ ತೆಗೆದ. "ಅಂದ ಹಾಗೆ, ನಿನ್ನೆ ನಂದು ನಲವತ್ತೊಂದು ದಾಟ್ತು," ಎಂದ. ಅತ್ತೆ ಬದುಕಿದ್ದರೆ, ಯಾರದ್ದು ಎಷ್ಟು ಕಮ್ಮಿ ಆಯ್ತೆಂದು ಕೇಳುತ್ತಿದ್ದಳು. ಈಗ ಕೇಳುವವರಿರಲಿಲ್ಲ. ಆದರೂ ಗಡಿಯಾರ ಕೇಳಿದ. "ನಲವತ್ತೊಂದು... ಎಷ್ಟು?"

ಅಕ್ಕ ತಾನೇ ಹೋಗಿ ಸ್ಟುಡಿಯೋದಾತನಿಗೆ ಹೇಳಿದಳು. ಅವನು ತಂಗಿಯನ್ನು ಮತ್ತೆ ಕರೆದ. ಈಗ ಅವಳ ಕೆಲಸ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಅಲ್ಲಿನ ಹಳೆಯ ನಿಧಾನದ ಯಂತ್ರದಲ್ಲಿ. ಅವಳ ಚಿತ್ರಗಳಿದ್ದ ಡಿಸ್ಕನ್ನು ಬಿಚ್ಚಿಕೊಂಡು ಅಲ್ಲಿಗೇ ಒಯ್ದಳು. ಬೆಳಿಗ್ಗೆ ಹೋಗಿ ಸಂಜೆ ಬರುವಳು, ಬಡಿಸುವಳು, ಮಲಗುವಳು. ಬೈಗುಳ ಬರುತ್ತದೆಂದು ಕಾದು ಕಾದು ಗಡಿಯಾರನಿಗೆ ಧೈರ್ಯ ಬಂತು. ಮರೆತಿದ್ದಾಳೆ ಎಂದುಕೊಂಡ. ಮೇಜು ಹಗಲೂ ಅವನದೇ ಆಯಿತು. ಒಳಗೊಳಗೇ ಇದೂ ಒಂದು ಲಾಭ ಎಂದು ಲೆಕ್ಕ ಹಾಕಿದ.

ಒಂದು ರಜೆಯ ದಿನ ಅವಳು ದಪ್ಪ ರಟ್ಟಿನ ಆಲ್ಬಂ ತಂದು ಅವನ ಮುಂದಿಟ್ಟಳು. "ನಮ್ದು. ಹಳೇದೆಲ್ಲ ಚೆಲ್ಲಾಪಿಲ್ಲಿ ಆಗಿತ್ತು, ಒಂದು ಮಾಡಿಸ್ದೆ."

ಗಡಿಯಾರನಿಗೆ ಹಿಗ್ಗಾಯಿತು. ತೆರೆದ. ಮೊದಲ ಹಾಳೆಯಲ್ಲಿ ಅವರ ಮದುವೆ. ಅವಳು ಒಂದು ಕೂದಲೂ ಕೆಡದ ಹಾಗೆ ಚೆಲುವಾಗಿ ನಿಂತಿದ್ದಳು. ಪಕ್ಕದಲ್ಲಿ ಅವನ ಬೂಟು, ಪ್ಯಾಂಟು, ಕೋಟಿನ ಗುಂಡಿ. ಕುತ್ತಿಗೆಯ ಹತ್ತಿರ ಒಂದು ಗುಲಾಬಿ ಪಟ್ಟೆ, ಅದರ ಮೇಲೆ ಬೂದುಬಣ್ಣ. ಹಾಳೆ ತಿರುಗಿಸಿದ. ಸಮುದ್ರದ ದಡದಲ್ಲಿ ಅವಳು ನಗುತ್ತಿದ್ದಳು, ಪಕ್ಕದಲ್ಲಿ ತಲೆ ಬೂದಿಯಾದ ಒಬ್ಬ ಗಂಡಸು ಅವಳ ಹೆಗಲ ಮೇಲೆ ಕೈ ಹಾಕಿದ್ದ. ಅವನ ಬಾಲ್ಯ, ಶಾಲೆಯ ಸಾಲಿನಲ್ಲಿ ನಿಂತದ್ದು, ತೀರಿಹೋದ ಅವನ ಅಪ್ಪನ ತೊಡೆಯ ಮೇಲೆ ಕೂತದ್ದು. ಅಪ್ಪ ನೆಟ್ಟಗಿದ್ದ. ತೊಡೆಯ ಮೇಲೆ ಒಂದು ಬೂದಿಯ ಮುದ್ದೆ ಚಡ್ಡಿ ಹಾಕಿಕೊಂಡು ಕೂತಿತ್ತು.

"ಇದೇನೇ ಇದು?"

"ಕಾಪಿ ಮಾಡೋವಾಗ ಹೀಗಾಯ್ತು," ಎಂದಳು. "ಹದ ತಪ್ಪಿರ್ಬೇಕು."

"ಮೂಲ ಎಲ್ಲಿ? ಮೂಲ ಇರ್ಬೇಕಲ್ಲ?"

"ಒರೆಸ್ದೆ. ಕಾಗದದ್ದು ಹರಿದೆ. ಜಾಗ ಬೇಕಿತ್ತು."

ಅವನು ಬೇಗ ಬೇಗ ಹಾಳೆ ತಿರುಗಿಸಿದ. ಎಲ್ಲ ಕಡೆ ಅವಳ ಕೈಚಳಕ ಅಚ್ಚುಕಟ್ಟಾಗಿತ್ತು. ಪಟ್ಟೆಯ ಅಂಚು ಕೂಡ ನಿಜವಾದ ತಪ್ಪಿನ ಹಾಗೇ ಹಲ್ಲುಹಲ್ಲಾಗಿತ್ತು. ಗಂಟೆಗಟ್ಟಲೆ ಕೂತು ಮಾಡದೆ ಹಾಗೆ ಬರುವುದಿಲ್ಲ. ಕೊನೆಯ ಹಾಳೆಯಲ್ಲಿ ಒಂದೇ ಚಿತ್ರ ಪುಟದ ತುಂಬ ಇತ್ತು. ಆ ಸಂಜೆ ಅವಳೇ ಫೋನಿನಲ್ಲಿ ತೆಗೆದದ್ದು. ಹೆಬ್ಬೆರಳು ಎತ್ತಿ ಹಲ್ಲುಬಿಟ್ಟ ಅವನ ಮುಖ ಇಲ್ಲಿ ಮಾತ್ರ ಪೂರ್ತಿ ಇತ್ತು, ಒಂದೊಂದು ಹಲ್ಲೂ ಎಣಿಸುವ ಹಾಗೆ. ಪಕ್ಕದ ತೆರೆಯ ಮೇಲೆ ಸಂಖ್ಯೆ ಇರಬೇಕಾದ ಜಾಗ ಬೂದಿಯಾಗಿತ್ತು.

"ಅಯ್ಯೋ," ಎಂದ ಗಡಿಯಾರ, ಅತ್ತೆ ಸತ್ತಾಗಲೂ ಬಾರದ ದನಿಯಲ್ಲಿ. "ನಂಬರ್!"

ಹೆಂಡತಿ ಆಲ್ಬಂ ಅವನ ಕೈಯಿಂದ ತೆಗೆದುಕೊಂಡು, ಅದೇ ಹಾಳೆ ತೆರೆದಿರುವಂತೆ ಯಂತ್ರದ ಮೇಲೆ ನಿಲ್ಲಿಸಿದಳು. ಒಂದು ಹೆಜ್ಜೆ ಹಿಂದೆ ಸರಿದು, ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದಳು.

"ಮುಖ ಚೆನ್ನಾಗಿ ಬಂದಿದೆ," ಎಂದಳು. "ಇದೇ ಇರ್ಲಿ, ಗೋಡೆಗೆ ಹಾಕೋಕೆ ಆಗುತ್ತೆ."